ಅಪ್ಪ ನಡೆದ ಗಡಿ

ಮೊನ್ನೆ ಬೆಳಗ್ಗೆ ನನ್ನ ಸೊಸೆ ಎರಿಮಣ್ಣಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಬಚ್ಚಲ ಒಲೆಯನ್ನು ಹೊಸದಾಗಿ ಹಾಕಬೇಕಿತ್ತು. ಮೊಮ್ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಾಣಂತಿಯ ಮನೆಯಲ್ಲಿ ಹಂಡೆ ನೀರು ಸದಾ ಕುದಿಯುತ್ತಿರಬೇಕು, ಹಳೆಯ ಒಲೆ ನೋಡಿದರೆ ಮೈಯೆಲ್ಲ ಬಿರುಕು. ಬುಟ್ಟಿಯ ಮೇಲ್ಭಾಗದಲ್ಲಿ ದಪ್ಪನೆಯ ಮಣ್ಣಿನ ಹೆಂಟೆಯೊಂದು ಕೂತಿತ್ತು. ಹಿಂದಿನಿಂದ ಬೆಳಕು ಬೀಳುತ್ತಿದ್ದುದರಿಂದ ಅವಳ ಮುಖ ನನಗೆ ಕಾಣಲಿಲ್ಲ. ಹೆಂಟೆ ಮಾತ್ರ ಕಂಡಿತು. ಏನಾಯಿತೋ ಏನೋ, "ಇಳಸು! ಮೊದಲ ಅದನ್ನ ತಲಿ ಮ್ಯಾಲಿಂದ ಇಳಸು!" ಎಂದು ಕೂಗಿಬಿಟ್ಟೆ.

"ಯಾಕ್ರಿ ಅತ್ತಿ, ಹಾವು ಬಂತೇನ್ರಿ?" ಎಂದು ಅವಳು ಬುಟ್ಟಿ ಸಮೇತ ಕುಕ್ಕರಿಸಿದಳು. ಹೆಂಟೆ ಉರುಳಿ ಎರಡು ಹೋಳಾಯಿತು. ಪಾಪದ ಹುಡುಗಿ, ಹೆದರಿಕೊಂಡಿದ್ದಳು. ಹಾವೂ ಅಲ್ಲ, ಏನೂ ಅಲ್ಲ, ಮುದುಕಿಗೆ ತಲೆ ಕೆಟ್ಟಿದೆ ಎಂದು ಸಮಾಧಾನ ಮಾಡಿದೆ. ಆಕೆ ಮಣ್ಣಿಗೆ ನೀರು ಹಾಕಿ ನೆನೆಯಲು ಬಿಟ್ಟು ಒಳಗೆ ಹೋದಳು. ನಾನು ಹೊಸ್ತಿಲ ಮೇಲೆ ಕೂತು ಆ ಮಣ್ಣನ್ನೇ ನೋಡತೊಡಗಿದೆ. ನೀವೂ ಇಲ್ಲೇ ಕೂತುಕೊಳ್ಳಿ. ಎರಿಮಣ್ಣು ನೆನೆಯುವುದಕ್ಕೆ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಹೇಳಿ ಮುಗಿಸುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಅಕ್ಷರ ಬಾರದು. ನಾನು ಹೇಳುತ್ತಿದ್ದೇನೆ, ಸಾಲಿಯ ಮಾಸ್ತರರು ಬರೆದುಕೊಳ್ಳುತ್ತಿದ್ದಾರೆ. ಹೇಳಿದ ಹಾಗೆಯೇ ಬರೆಯಿರಿ ಅಂದರೆ, "ಹಂಗ ಬರದ್ರ ಮಂದಿ ನಗತಾರ್ರಿ ಅವ್ವಾರ" ಎನ್ನುತ್ತಾರೆ. ಹೀಗಾಗಿ ನನ್ನ ಬಾಯಿಂದ ಬರಿದಲೆಯಲ್ಲಿ ಹೊರಟ ಮಾತು ಅವರ ಕೈಯಲ್ಲಿ ಮುಂಡಾಸು ಸುತ್ತಿಕೊಂಡು ಹೊರಬರುತ್ತದೆ. ಸತ್ತವರ ಮಾತನ್ನಾದರೂ ಅವರ ಬಾಯಲ್ಲಿದ್ದಂತೆ ಇರಿಸಿ ಎಂದು ಹಟ ಹಿಡಿದಿದ್ದೇನೆ. ಒಪ್ಪಿದ್ದಾರೆ.

ನರಗುಂದದ ಗದ್ದಲಕ್ಕಿಂತ ಎರಡು ಮೂರು ವರ್ಷ ಹಿಂದಿನ ಮಾತು ಇದು. ಆಗ ನಮ್ಮ ಸೀಮೆಗೆ ಎರಡು ಸರಕಾರ. ನಮ್ಮೂರು ಕುಂಪಣಿಯವರದು. ಹಳ್ಳದಾಚೆಯ ಊರು ನರಗುಂದದ ಸಂಸ್ಥಾನದ್ದು. ಊರುಗಳ ಹೆಸರು ಹೇಳಲಾರೆ, ಎರಡೂ ಕಡೆ ನೆಂಟರಿದ್ದಾರೆ, ಇಳಿವಯಸ್ಸಿನಲ್ಲಿ ಯಾರ ಬಾಯಿಗೂ ಬೀಳುವ ಆಸೆ ನನಗಿಲ್ಲ. ರೋಣದ ಸಂತೆಗೆ ಹೋದರೆ ಎರಡೂ ಊರಿನ ಎತ್ತುಗಳು ಒಂದೇ ಬೇವಿನ ನೆರಳಿನಲ್ಲಿ ನಿಲ್ಲುತ್ತಿದ್ದವು. ಎರಡೂ ಊರಿನ ಹೆಂಗಸರು ಗಜೇಂದ್ರಗಡದ ಸೀರೆಯನ್ನೇ ಉಡುತ್ತಿದ್ದರು, ಉಟ್ಟು ಎದುರುಬದುರಾದಾಗ ಒಬ್ಬರ ಸೆರಗನ್ನೊಬ್ಬರು ಮುಟ್ಟಿ ನೋಡುತ್ತಿದ್ದರು. ಉಣ್ಣುವ ಜೋಳ ಒಂದೇ, ಬೈಯುವ ಬೈಗುಳವೂ ಒಂದೇ. ಸರಕಾರ ಮಾತ್ರ ಬೇರೆ. ಅದು ಬೇರೆ ಅನ್ನುವುದು ಕೂಡ ನಮಗೆ ನೆನಪಾಗುತ್ತಿದ್ದುದು ಜಗಳ ಬಂದಾಗಲೇ.

ಈಗಿನವರಿಗೆ ಸರಕಾರವೆಂದರೆ ಕಟ್ಟಡ, ಕುರ್ಚಿ, ಬಾಗಿಲಲ್ಲಿ ಪಟ್ಟೆವಾಲಾ. ನಾನು ಚಿಕ್ಕವಳಿದ್ದಾಗ ನಮ್ಮೂರಿನ ಸರಕಾರ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತಿತ್ತು. ನಮ್ಮಪ್ಪ ಊರಗೌಡ. ಅವನು ಬಾಯಿ ಮುಕ್ಕಳಿಸಿ ಉಗಿಯುವಷ್ಟರಲ್ಲಿ ಎರಡು ಮೂರು ತಂಟೆ ತೀರಿರುತ್ತಿದ್ದವು: ಯಾರ ಎಮ್ಮೆ ಯಾರ ಬೆಳೆ ಮೇಯ್ದಿತು, ಯಾವ ಅಣ್ಣತಮ್ಮಂದಿರು ಹೊಲದ ಬದು ಒತ್ತಿದರು, ಇಂಥವು. ಬರವಣಿಗೆಯೆಲ್ಲ ಕುಲಕರ್ಣಿಯವರದು. ಅವರು ಮೂಗಿನಲ್ಲಿ ನಶ್ಯ ಏರಿಸದೆ ಒಂದು ಅಕ್ಷರವನ್ನೂ ಬರೆಯುತ್ತಿರಲಿಲ್ಲ. ಕರೆದುಕೊಂಡು ಬರುವುದಕ್ಕೆ, ಕಾಯುವುದಕ್ಕೆ, ಸುದ್ದಿ ಒಯ್ಯುವುದಕ್ಕೆ ತಳವಾರ ಹನುಮ. ಇಷ್ಟೇ ಸರಕಾರ. ವರ್ಷಕ್ಕೊಮ್ಮೆ ಮಾಮಲೇದಾರರು ಕುದುರೆಯ ಮೇಲೆ ಬರುತ್ತಿದ್ದರು, ಅವತ್ತು ಅವ್ವ ಇದ್ದಬದ್ದ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿಸುತ್ತಿದ್ದಳು. ಅವರು ಹೋದ ಮೇಲೆ ಊರು ಮತ್ತೆ ಕಟ್ಟೆಯ ಕೈಗೆ ಬರುತ್ತಿತ್ತು. ಚಲೋ ಆಡಳಿತವೋ ಕೆಟ್ಟದ್ದೋ ನನಗೆ ಹೇಳಲು ಬಾರದು. ಅಪ್ಪನದಾಗಿತ್ತು, ನನಗೆ ಚಲೋ ಎನಿಸುತ್ತಿತ್ತು.

ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ನಾವಿಬ್ಬರೇ ಹೆಣ್ಣುಮಕ್ಕಳು. ಅಕ್ಕ ಗಂಗವ್ವನನ್ನು ಹಳ್ಳದಾಚೆಯ ಊರಿಗೆ ಕೊಟ್ಟಿದ್ದರು. ನನ್ನನ್ನು ಮನೆಯಲ್ಲೇ ಉಳಿಸಿಕೊಂಡು ಅಳಿಯನನ್ನು ಮನೆಗೆ ತಂದುಕೊಳ್ಳುವುದೆಂದು ನಿಶ್ಚಯವಾಗಿತ್ತು. ಅಕ್ಕ ಹೋದದ್ದು ಅತ್ತೆಯಿಲ್ಲದ ಮನೆಗೆ. ಗಂಡ, ಮಾವ, ನಾಲ್ಕು ಎತ್ತು. "ಕಾಡಸಾಕ ಯಾರೂ ಇಲ್ಲ ನೋಡು" ಎಂದು ನೆರೆಹೊರೆಯವರು ಅವಳ ದೈವವನ್ನು ಹೊಗಳಿದರು. ನೋಡಿಕೊಳ್ಳುವುದಕ್ಕೂ ಯಾರೂ ಇಲ್ಲ ಎಂದು ಅವ್ವನೊಬ್ಬಳೇ ಅಂದಿದ್ದಳು.

ಇನ್ನು ಹಳ್ಳದ ವಿಷಯ. ಹಿಂದೆ ಹಳ್ಳವೇ ಎರಡೂ ಊರಿನ ಗಡಿಯಾಗಿತ್ತಂತೆ. ನಾನು ಹುಟ್ಟುವ ಮೊದಲು ಒಂದು ದೊಡ್ಡ ಮಳೆಗೆ ಹಳ್ಳ ದಾರಿ ಬಿಟ್ಟು ಆಚೆಯೂರಿನ ಕಡೆ ಸರಿದು ಹರಿಯಿತು. ಹಳೆಯ ಹಳ್ಳ ಬತ್ತಿ ಬರಿಯ ತಗ್ಗಾಗಿ ನಮ್ಮ ಹೊಲದಂಚಿಗೆ ಉಳಿಯಿತು. ಹಳೆ ಹಳ್ಳಕ್ಕೂ ಹೊಸ ಹಳ್ಳಕ್ಕೂ ನಡುವೆ ಒಂದು ಪಟ್ಟಿ ನೆಲ ಎದ್ದಿತು. ಏನು ನೆಲ ಅಂತೀರಿ! ಹಳ್ಳದ ಮೆಕ್ಕಲು ಕೂತು ಬೆಣ್ಣೆಯಂತಾಗಿತ್ತು. ನೀರಿನ ಈಚೆಗಿದೆ, ನಮ್ಮದು ಎಂದು ನಮ್ಮವರು ದನ ಬಿಟ್ಟರು. ಹಳೆ ಹಳ್ಳದ ಆಚೆಗಿದೆ, ನಮ್ಮದು ಎಂದು ಅವರು ದನ ಹೊಡೆದಟ್ಟಿದರು. ಒಂದು ಬೇಸಿಗೆಯಲ್ಲಿ ಬಡಿಗೆ ಹಿಡಿದು ಹೊಡೆದಾಡಿ ಆಚೆಯೂರಿನ ಒಬ್ಬ ಹುಡುಗನ ಕಣ್ಣು ಹೋಯಿತು. ಅವನು ಅಕ್ಕನ ಓಣಿಯವನೇ. ಕುಂಪಣಿಯವರು ಸಂಸ್ಥಾನದವರಿಗೆ ಬರೆದರು, ಸಂಸ್ಥಾನದವರು ಕುಂಪಣಿಯವರಿಗೆ ಬರೆದರು, ಪಟ್ಟಿಯಲ್ಲಿ ಹುಲ್ಲು ಎದೆಮಟ್ಟ ಬೆಳೆದು ಒಣಗಿತು. ಕೊನೆಗೆ ಎರಡೂ ಊರಿನ ಹಿರಿಯರು ಸರಕಾರಗಳ ಗೊಡವೆ ಬಿಟ್ಟು, ಹಳೆಯ ಪದ್ಧತಿಯಲ್ಲೇ ತೀರಿಸಿಕೊಳ್ಳುವುದೆಂದು ಕೂಡಿ ಕೂತರು.

ಆ ಪದ್ಧತಿಗೆ ಗಡಿ ನಡೆಯುವುದು ಎನ್ನುತ್ತಿದ್ದರು. ಎರಡೂ ಊರಿಗೆ ನಂಬಿಕೆಯಾದ ಒಬ್ಬನನ್ನು ಆರಿಸುತ್ತಾರೆ. ಅವನು ತಣ್ಣೀರು ಮಿಂದು, ಒದ್ದೆ ಧೋತರದಲ್ಲಿ, ಬರಿಗಾಲಿನಲ್ಲಿ, ಜಗಳದ ನೆಲದ ಹೆಂಟೆಯನ್ನೇ ತಲೆಯ ಮೇಲೆ ಇಟ್ಟುಕೊಂಡು, ಯಾರೊಡನೆಯೂ ಮಾತಾಡದೆ ನಡೆಯುತ್ತಾನೆ. ಅವನು ಹೆಜ್ಜೆ ಇಟ್ಟದ್ದೇ ಗಡಿ. ಹಿಂದೆ ಬಂದವರು ಅಲ್ಲಲ್ಲಿ ಕಲ್ಲು ಗುಪ್ಪೆ ಹಾಕುತ್ತಾರೆ. ಅಲ್ಲಿಗೇ ಮುಗಿಯಿತೆಂದು ತಿಳಿಯಬೇಡಿ. ನಡೆದವನ ಮನೆಯನ್ನು ಆಮೇಲೆ ಒಂದು ಗಡುವಿನವರೆಗೆ ಎರಡೂ ಊರು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತವೆ. ಅಷ್ಟರಲ್ಲಿ ಆ ಮನೆಯಲ್ಲಿ ಸಾವಾದರೆ, ಎತ್ತು ಬಿದ್ದರೆ, ಬಣವೆಗೆ ಬೆಂಕಿ ತಗುಲಿದರೆ, ನಡೆದವನು ಸುಳ್ಳು ನಡೆದ ಎಂದು ಅರ್ಥ. ಗಡಿ ಬಿದ್ದುಹೋಗುತ್ತದೆ, ಜೊತೆಗೆ ಅವನ ಮಾನ. ಗಡುವು ಮುಗಿಯುವವರೆಗೆ ಮನೆಯವರು ಯಾರೂ ಆ ಗಡಿ ದಾಟುವಂತಿಲ್ಲ. ದಾಟಿದರೆ ನಡೆದವನೇ ತನ್ನ ಗಡಿ ತುಳಿದ ಹಾಗೆ.

ಆರಿಸಿದ್ದು ಅಪ್ಪನನ್ನು. ನಮ್ಮವರು, ನಮ್ಮ ಗೌಡ ನಮ್ಮನ್ನು ಬಿಟ್ಟುಕೊಟ್ಟಾನೆಯೇ ಎಂದು ಒಪ್ಪಿದರು. ಆಚೆಯವರು, ಮಗಳನ್ನು ಕೊಟ್ಟ ಊರಿಗೆ ಅನ್ಯಾಯ ಮಾಡಲಾರ ಎಂದು ಒಪ್ಪಿದರು. ಇಬ್ಬರೂ ತಮ್ಮ ತಮ್ಮ ಲಾಭದ ಲೆಕ್ಕದಲ್ಲೇ ಅವನನ್ನು ಸತ್ಯವಂತ ಎಂದು ಕರೆದರು. ಅಪ್ಪ ಅವ್ವನಿಗೆ ಹೇಳಿದ್ದು ಇಷ್ಟೇ: "ಸಣ್ಣಂವ ಇದ್ದಾಗ ಆ ಹಳ್ಳದಾಗ ಈಜೀನಿ. ಅದು ಎಲ್ಲಿ ಹರಿತಿತ್ತು ಅಂತ ನನಗ ಗೊತ್ತೈತಿ. ಗೊತ್ತಿದ್ದಲ್ಲೆ ನಡಿತೀನಿ."

ಶೀಗಿ ಹುಣ್ಣಿಮೆ ಕಳೆದ ಮರುದಿನ ಅಪ್ಪ ನಡೆದ. ಹೆಂಗಸರು ಅಲ್ಲಿಗೆ ಹೋಗುವಂತಿರಲಿಲ್ಲ. ನಾನೂ ಅವ್ವನೂ ಮಾಳಿಗೆ ಏರಿ ನಿಂತು ನೋಡಿದೆವು. ಅಷ್ಟು ದೂರದಿಂದ ಅಪ್ಪನ ಮುಖ ಕಾಣಲಿಲ್ಲ. ಹೆಂಟೆ ಕಂಡಿತು. ಹಿಂದೆ ಎರಡೂ ಊರಿನ ಗಂಡಸರು ಬಿಳಿಯ ಸಾಲಾಗಿ ಬರುತ್ತಿದ್ದರು. ಅಪ್ಪ ನೀರಿರುವ ಹೊಸ ಹಳ್ಳದ ಕಡೆ ಹೊರಳಲೇ ಇಲ್ಲ. ಬತ್ತಿದ ಹಳೆ ಹಳ್ಳದ ಗುಂಟವೇ ನೆಟ್ಟಗೆ ಹೋದ. ಪಟ್ಟಿ ಆಚೆಯೂರಿಗೆ ಹೋಯಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಮುಗೀತು, ಇನ್ನ ಊರ ಮಂದಿ ಬಾಯಿಗೆ ನಾವ ಬಿದ್ದಿವಿ" ಎಂದಳು.

ಹಾಗೆಯೇ ಆಯಿತು. ಬಾವಿಕಟ್ಟೆಯಲ್ಲಿ ನಾನು ಕೊಡ ಇಳಿಸಿದರೆ ಮಾತು ನಿಲ್ಲುತ್ತಿತ್ತು. ಗೌಡ ಮಗಳಿಗೆ ಉಡಿ ತುಂಬಿದ, ಊರ ನೆಲದಲ್ಲೇ ತುಂಬಿದ ಎಂದು ಆಡಿಕೊಂಡರು. ಗಡುವು ಎಳ್ಳಮಾವಾಸ್ಯೆಯವರೆಗೆ ಇಟ್ಟಿದ್ದರು, ಅಷ್ಟರೊಳಗೆ ಏನಾಗುತ್ತದೋ ನೋಡೋಣ ಎಂದರು. ಆ ನೋಡೋಣ ಎನ್ನುವುದರಲ್ಲಿ ಎಷ್ಟು ಆಸೆ ಇತ್ತೆಂದು ನನಗೆ ಈಗಲೂ ನೆನೆದರೆ ಸಿಟ್ಟು ಬರುತ್ತದೆ. ನಮ್ಮ ಎತ್ತು ಕೆಮ್ಮಿದರೆ ನಾಲ್ಕು ಮಂದಿ ವಿಚಾರಿಸಲು ಬರುತ್ತಿದ್ದರು! ಮನೆಯಲ್ಲಿ ನಾವು ಉಸಿರು ಬಿಗಿಹಿಡಿದು ಬದುಕಿದೆವು. ಅವ್ವ ಒಲೆಯ ಬೂದಿಗೆ ಮೂರು ಸಲ ನೀರು ಚಿಮುಕಿಸುತ್ತಿದ್ದಳು. ನನ್ನನ್ನು ಮಾಳಿಗೆ ಹತ್ತಗೊಡಲಿಲ್ಲ, ಬಿದ್ದು ಸತ್ತರೆ ಗಡಿ ಸುಳ್ಳಾಗುತ್ತದಲ್ಲ. ನನಗಾಗಿ ಹೆದರಿದ್ದಳೋ ಗಡಿಗಾಗಿ ಹೆದರಿದ್ದಳೋ ಎಂದು ಕೇಳಿ ಬೈಸಿಕೊಂಡದ್ದೂ ಉಂಟು.

ಇಷ್ಟರಲ್ಲಿ ಮುಖ್ಯ ಮಾತು ಬಂತು. ಅಕ್ಕ ಬಸುರಿಯಾಗಿದ್ದಳು, ಚೊಚ್ಚಲು. ಗಡುವಿನ ಆಸುಪಾಸಿನಲ್ಲೇ ದಿನ ತುಂಬುತ್ತಿತ್ತು. ಏಳನೆಯ ತಿಂಗಳಲ್ಲಿ ಕರೆತಂದು, ಸೀಮಂತದ ಕುಬಸ ಮಾಡಿ, ತವರಿನಲ್ಲೇ ಹಡೆಯಿಸುವುದು ನಮ್ಮ ಕಡೆ ತಪ್ಪದ ರೂಢಿ. ಆದರೆ ಚೊಚ್ಚಲ ಹೆರಿಗೆಯೆಂದರೆ ಆ ಕಾಲದಲ್ಲಿ ತಾಯಿಯೂ ಕೂಸೂ ಉಳಿದರೆ ಉಳಿದರು. ನಮ್ಮ ಮನೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ? ಗಡಿ ಬಿತ್ತು. ಪಟ್ಟಿಯ ಜಗಳ ಮತ್ತೆ ಎದ್ದಿತು, ಮತ್ತೆ ಬಡಿಗೆ, ಮತ್ತೆ ಯಾರದೋ ಕಣ್ಣು. ಮಗಳಿಗಾಗಿ ಸುಳ್ಳು ನಡೆದ ಗೌಡ ಎಂದು ಅಪ್ಪನ ಹೆಸರು ಶಾಶ್ವತವಾಯಿತು.

"ಏನ್ರಿ, ಬಂಡಿ ಯಾವಾಗ ಕಳಸ್ತೀರಿ?" ಎಂದು ಅವ್ವ ದಿನಾ ಕೇಳಿದಳು. ಅಪ್ಪ ಚಾವಡಿಗೆ ಹೋದ. ಮನೆಯ ಮಾತನ್ನು ಚಾವಡಿಗೆ ಒಯ್ದದ್ದೇ ಅವನ ತಪ್ಪು ಎಂದು ನಾನು ಈ ವಯಸ್ಸಿನಲ್ಲಿ ಹೇಳುತ್ತೇನೆ. ಆದರೆ ಅವನು ಎಲ್ಲವನ್ನೂ ಅಲ್ಲಿಗೇ ಒಯ್ದು ಬಲ್ಲವನು, ಬೇರೆ ದಾರಿ ಗೊತ್ತಿರಲಿಲ್ಲ. ಎರಡೂ ಊರಿನ ಹಿರಿಯರು ಕೂತು ನನ್ನ ಅಕ್ಕನ ಹೊಟ್ಟೆಯ ಮೇಲೆ ಪಂಚಾಯ್ತಿ ಮಾಡಿದರು. ಕೊಟ್ಟ ಹೆಣ್ಣು ಅಪ್ಪನ ಮನೆಯವಳೋ, ಗಂಡನ ಮನೆಯವಳೋ? ಅಲ್ಲೇ ಇದ್ದು ಸತ್ತರೆ ಗೌಡನ ಮನೆಯ ಸಾವೋ ಅಲ್ಲವೋ? ಇಲ್ಲಿ ಬಂದು ಸತ್ತರೆ? ಇಡೀ ಮಧ್ಯಾಹ್ನ ತೂಗಿ ನೋಡಿದರಂತೆ. ಕುಲಕರ್ಣಿಯವರು ನಶ್ಯ ಏರಿಸಿ ತೀರ್ಮಾನ ಹೇಳಿದರು: "ಕೊಟ್ಟ ಹೆಣ್ಣು ಗಂಡನ ಮನಿಯಾಕಿ. ಅಲ್ಲೆ ಇದ್ರ ಆಕಿ ಲೆಕ್ಕಕ್ಕಿಲ್ಲ. ಇಲ್ಲೆ ಹೊಸ್ತಿಲ ದಾಟಿ ಒಳಗ ಬಂದ್ರ ಲೆಕ್ಕಕ್ಕ ಬರ್ತಾಳ." ಎರಡೂ ಊರು ಭೇಷ್ ಅಂದವು. ಅಪ್ಪನೂ ತಲೆಯಾಡಿಸಿದ.

ಅವತ್ತು ಅವ್ವ ಅಪ್ಪನಿಗೆ ಊಟಕ್ಕೆ ಬಡಿಸಲಿಲ್ಲ. "ನಿಮ್ಮ ಗಡಿ ದೊಡ್ಡದೋ, ನನ್ನ ಮಗಳು ದೊಡ್ಡಾಕಿನೋ, ಅದನ್ನಷ್ಟು ಹೇಳ್ರಿ" ಎಂದಳು. ಅಪ್ಪ, "ಹಂಗ ಕೇಳಬ್ಯಾಡ" ಎಂದ. "ಮತ್ತ ಹ್ಯಾಂಗ ಕೇಳ್ಲಿ?" ಎಂದಳು. ಅಪ್ಪ ತಾನೇ ಹೋಗಿ ರೊಟ್ಟಿ ಹಾಕಿಕೊಂಡು, ಮುರಿದು, ತಿನ್ನದೆ ಎದ್ದ.

ಕುಬಸವನ್ನು ಬಿಡಲು ಮಾತ್ರ ಅವ್ವ ಒಪ್ಪಲಿಲ್ಲ. ಹಳೆ ಹಳ್ಳದ ಗಡಿಯ ಮೇಲೆಯೇ ಮಾಡಿದಳು. ನಾವು ಕಲ್ಲುಗುಪ್ಪೆಯ ಈಚೆ ನಿಂತೆವು, ಅಕ್ಕ ಹೊಸ ಹಳ್ಳ ದಾಟಿ, ಪಟ್ಟಿಯ ಹುಲ್ಲಿನಲ್ಲಿ ನಡೆದು ಬಂದು ಆಚೆ ನಿಂತಳು. ನಡುವೆ ಮೊಣಕಾಲೆತ್ತರದ ಕಲ್ಲು, ಕೈ ಚಾಚಿದರೆ ಕೆನ್ನೆ ಸಿಗುತ್ತಿತ್ತು. ಅವ್ವ ಕೈ ಚಾಚಿಯೇ ಹಸಿರು ಕುಬಸ ಕೊಟ್ಟಳು, ಬಳೆ ಏರಿಸಿದಳು, ಉಡಿ ತುಂಬಿದಳು. ಹೋಳಿಗೆಯ ಬುತ್ತಿಯನ್ನು ಗುಪ್ಪೆಯ ಮೇಲೆ ಇಟ್ಟಳು. ಅಕ್ಕನಿಗೆ ಅವತ್ತು ನಗು ಬಂತು. "ಯವ್ವಾ, ನಾ ಗ್ರಾಮದೇವತಿ ಆದ್ನಲ್ಲ, ಸೀಮಿಗೆ ಬಂದು ಎಡಿ ಕೊಡಾಕತ್ತೀರಿ" ಎಂದಳು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವ್ವ ನಗಲಿಲ್ಲ. ಹೋಗುವಾಗ ಅಕ್ಕ ನನ್ನನ್ನು ಕೇಳಿದಳು: "ಸಣ್ಣಿ, ಚಾವಡಿಯೊಳಗ ನನಗ ಲೆಕ್ಕಕ್ಕಿಲ್ಲ ಅಂದ್ರಂತ, ಖರೇ ಏನ? ಅಪ್ಪ ಅಲ್ಲೇ ಇದ್ದನಾ?" ನಾನು ಹೂಂ ಅಂದೆ. ಅವಳು ಬುತ್ತಿಯನ್ನು ಎತ್ತಿಕೊಂಡು ಹೋದಳು.

ಎಳ್ಳಮಾವಾಸ್ಯೆಗೆ ಇನ್ನೂ ವಾರವಿದ್ದಾಗ ಅವಳಿಗೆ ಹೆರಿಗೆಯ ಬ್ಯಾನಿ ಎದ್ದಿತು. ಸುದ್ದಿ ಬಂದ ಕೂಡಲೇ ಅಪ್ಪ ನಮ್ಮೂರ ಸೂಲಗಿತ್ತಿಯನ್ನು ಓಡಿಸಿದ. ಆಕೆ ಮನೆಯವಳಲ್ಲ, ದಾಟಬಹುದಿತ್ತು. ಅವ್ವ ಮನೆಯವಳು. ಅವಳು ದೇವರ ಮುಂದೆ ದೀಪ ಹಚ್ಚಿ ಗೋಡೆಗೆ ತಲೆ ಆನಿಸಿ ಕೂತಳು, ಕರೆದರೆ ತಿರುಗಿ ನೋಡಲಿಲ್ಲ. ಬೆಳಗು ಹೋಗಿ ಮಧ್ಯಾಹ್ನವಾಯಿತು, ಕೂಸು ಹೊರಳಿದೆ, ಕಷ್ಟವಿದೆ ಎಂದು ಹನುಮ ಬಂದು ಹೇಳಿದ. ಅಪ್ಪ ಕಟ್ಟೆಯಿಂದ ಎದ್ದು ಹೋದವನು ಬರಲೇ ಇಲ್ಲ. ಹುಡುಕಿಕೊಂಡು ನಾನು ಹಳೆ ಹಳ್ಳಕ್ಕೆ ಹೋದೆ.

ಅಪ್ಪ ಗುಪ್ಪೆಯ ಹತ್ತಿರ ನಿಂತಿದ್ದ. ಚಪ್ಪಲಿ ಕಳೆದು ಪಕ್ಕಕ್ಕಿಟ್ಟಿದ್ದ, ಧೋತರವನ್ನು ಮೇಲೆ ಕಟ್ಟಿದ್ದ. ನಾನು ನೋಡುತ್ತಿದ್ದಂತೆ ಒಂದು ಕಾಲನ್ನು ಎತ್ತಿ ಕಲ್ಲಿನ ಆಚೆಗೆ ಚಾಚಿದ. ಕಾಲು ನೆಲ ಮುಟ್ಟಲಿಲ್ಲ. ಹಾಗೆಯೇ ನಿಂತ, ಇಷ್ಟು ದೊಡ್ಡ ಮನುಷ್ಯ, ಊರಿಗೆಲ್ಲ ಗೌಡ, ಒಂದು ಕಾಲಿನ ಮೇಲೆ ಓಲಾಡುತ್ತ. ಆಮೇಲೆ ಆ ಕಾಲನ್ನು ಹಿಂದಕ್ಕೆ ತಂದು ಈಚೆ ಇಟ್ಟ. ಚಪ್ಪಲಿ ಮೆಟ್ಟಿಕೊಂಡ. ತಿರುಗಿದಾಗ ನನ್ನನ್ನು ಕಂಡ. "ನೋಡಿದ್ಯಾ?" ಎಂದ. "ಯಾರಿಗೂ ಹೇಳಬ್ಯಾಡವ್ವಾ" ಎಂದ. ಅಪ್ಪ ನನ್ನನ್ನು ಬೇಡಿಕೊಂಡಂತೆ ಮಾತಾಡಿದ್ದು ಅದೊಂದೇ ಸಲ.

ನಾವಿನ್ನೂ ಅಲ್ಲೇ ಇದ್ದೆವು, ಸಂಜೆ ಹನುಮ ಪಟ್ಟಿಯ ಹುಲ್ಲಿನಿಂದಲೇ ಕೂಗಿದ: "ಗೌಡ್ರ, ಗಂಡ ಕೂಸ್ರೀ! ಅವ್ವಾರು ಅರಾಮ ಅದಾರ್ರೀ!" ಅಪ್ಪ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ. ಏನೂ ಆಗಲಿಲ್ಲ ನೋಡಿ. ತಾಯಿ ಕೂಸು ಇಬ್ಬರೂ ಗಟ್ಟಿಯಾಗಿದ್ದರು. ನಮ್ಮ ಮನೆಗೆ ಬಂದಿದ್ದರೂ ಹೀಗೆಯೇ ಹಡೆಯುತ್ತಿದ್ದಳು, ಅವ್ವನ ಕೈ ಹಿಡಿದುಕೊಂಡು ಹಡೆಯುತ್ತಿದ್ದಳು. ಇದು ನನ್ನ ಎದೆಯಲ್ಲಿ ಇಂದಿಗೂ ಕುಟುಕುತ್ತದೆ.

ಎಳ್ಳಮಾವಾಸ್ಯೆ ಬಂತು. ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿದೆವು. ಎತ್ತು ಬಿದ್ದಿರಲಿಲ್ಲ, ಬಣವೆ ಸುಟ್ಟಿರಲಿಲ್ಲ, ಯಾರೂ ಸತ್ತಿರಲಿಲ್ಲ. ಅಪ್ಪನ ಗಡಿ ಖರೆ ಎಂದು ಎರಡೂ ಊರು ಒಪ್ಪಿದವು, ಬಾವಿಕಟ್ಟೆಯಲ್ಲಿ ನನ್ನೊಡನೆ ಮತ್ತೆ ಮಾತಾಡತೊಡಗಿದರು. ಮರುದಿನ ಅಪ್ಪ ಬಂಡಿಗೆ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ತಾನೇ ಹೊಡೆದುಕೊಂಡು ಅಕ್ಕನ ಊರಿಗೆ ಹೋದ. ಅವ್ವನೂ ನಾನೂ ಕೂತಿದ್ದೆವು. ಅಕ್ಕ ಕೂಸನ್ನು ಅವ್ವನ ತೊಡೆಯ ಮೇಲೆ ಹಾಕಿದಳು. ಅಪ್ಪನಿಗೆ ಕಾಲಿಗೆ ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ನಮಸ್ಕಾರ ಮಾಡಿದಳು. ಏನೂ ಕಡಿಮೆ ಮಾಡಲಿಲ್ಲ. ಆಮೇಲೆ, "ನಿನ್ನ ಗಡಿ ಗಟ್ಟಿ ಆತಲ್ಲ ಯಪ್ಪಾ. ಗಟ್ಟಿ ಇರ್ಲಿ. ನಾ ಅದನ್ನ ದಾಟೂದಿಲ್ಲ" ಎಂದಳು. ಅವ್ವ ಬೇಡಿಕೊಂಡಳು, ಮಗಳ ಕಾಲು ಹಿಡಿಯುವುದೊಂದು ಬಾಕಿ. ಬಂಡಿ ಅಕ್ಕನಿಲ್ಲದೆಯೇ ತಿರುಗಿತು. ಬಾಣಂತಿಯ ಸಿಟ್ಟು, ನೆತ್ತಿಯ ಎಣ್ಣೆ ಆರಿದರೆ ಹೋಗುತ್ತದೆ ಎಂದು ಅಪ್ಪ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಆಮೇಲೆ ನರಗುಂದದ ಅರಸರು ಕುಂಪಣಿಯ ಮೇಲೆ ತಿರುಗಿಬಿದ್ದು ಗದ್ದಲ ಎದ್ದಿತು. ಗುಡ್ಡದ ಕಡೆಯಿಂದ ತೋಪಿನ ಸದ್ದು ಬಂತೆಂದು ಕೆಲವರು, ಗುಡುಗು ಎಂದು ಕೆಲವರು. ನಾವು ಕಾಳುಕಡಿ ನೆಲದೊಳಗಿನ ಹಗೇವಿಗೆ ಹಾಕಿ ಬಾಯಿ ಮುಚ್ಚಿ ಕೂತೆವು. ದೊಡ್ಡವರ ಕಥೆ ದೊಡ್ಡವರು ಹೇಳಲಿ. ನಮಗೆ ತಟ್ಟಿದ್ದು ಇಷ್ಟು: ಸಂಸ್ಥಾನ ಹೋಯಿತು, ಹಳ್ಳದ ಎರಡೂ ದಂಡೆ ಒಂದೇ ಕಚೇರಿಗೆ ಬಂದವು. ಕೆಲವು ಬೆಳೆ ಕಳೆದ ಮೇಲೆ ಭೂಮಿ ಅಳೆಯುವ ಮೋಜಣಿಯವರು ಸರಪಳಿ ಎಳೆದುಕೊಂಡು ಬಂದರು. ಅಪ್ಪ ತಾನು ನಡೆದ ಗುಪ್ಪೆಗಳನ್ನು ತೋರಿಸಿದ. ಅವರು, ಹರಿಯುವ ಹಳ್ಳವನ್ನೇ ಗಡಿ ಎಂದು ಹಿಡಿದರೆ ನಕಾಶೆಗೆ ಸಲೀಸು ಎಂದರು. ಹೊಸ ಹಳ್ಳದ ದಂಡೆಗೆ ಕಲ್ಲು ನೆಟ್ಟರು. ಪಟ್ಟಿ ನಮ್ಮೂರಿಗೆ ಬಂತು. ಎಲ್ಲ ಒಂದು ಬೆಳಗಿನ ಕೆಲಸ. ಹೆಂಟೆ ಹೊತ್ತವರು ಯಾರೂ ಇಲ್ಲ, ಗಡುವಿಲ್ಲ, ಯಾವ ಮನೆಯ ಎತ್ತಿಗೂ ಸಾಯುವ ಭಯವಿಲ್ಲ. ಒಂದು ಲೆಕ್ಕಕ್ಕೆ ಅದು ಚಲೋದೇ ಆಯಿತು. ಆದರೆ ಅವತ್ತು ಅಪ್ಪ ಕಟ್ಟೆಯ ಮೇಲೆ ಕೂತವನು ಹಲ್ಲುಜ್ಜಲೂ ಇಲ್ಲ, ಯಾರ ತಂಟೆಯನ್ನೂ ಕೇಳಲಿಲ್ಲ.

ಮಧ್ಯಾಹ್ನ ಅಕ್ಕನ ಮನೆಗೆ ಹೋದ, ನನ್ನನ್ನೂ ಕರೆದುಕೊಂಡ. "ಆ ಗಡಿ ಈಗ ಇಲ್ಲವ್ವಾ ಗಂಗಾ. ಸರಕಾರದವ್ರು ಅಳಿಸ್ಯಾರ. ಈಗರ ಬಾ" ಎಂದ. ಅಕ್ಕ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು. "ಗಡಿ ಅಳಿಸ್ಯಾರ ಖರೆ. ನಾ ಲೆಕ್ಕಕ್ಕಿಲ್ಲ ಅಂದಿದ್ದು ಯಾರು ಅಳಿಸ್ಯಾರ, ಯಪ್ಪಾ? ಅವತ್ತ ನೀ ತಲಿ ಆಡಿಸಿದ್ದಿ" ಎಂದಳು. ದನಿ ಏರಿಸಲಿಲ್ಲ. ಮತ್ತೆ ಮೊರ ಎತ್ತಿಕೊಂಡಳು.

ನನ್ನ ಚೊಚ್ಚಲ ಹೆರಿಗೆಯಲ್ಲಿ ನನಗಾದ ಉಪಚಾರ ಊರಲ್ಲಿ ಯಾರಿಗೂ ಆಗಿರಲಿಲ್ಲ. ಕೊಬ್ಬರಿ, ಅಂಟು, ತುಪ್ಪ, ದಿನಾ ಎರೆಯುವುದು, ಅಪ್ಪ ಹತ್ತು ಸಲ ಬಾಗಿಲಿಗೆ ಬಂದು ಕೂಸು ಹಾಲು ಕುಡಿಯಿತೇ ಎಂದು ಕೇಳುವುದು. ಅಕ್ಕನ ಪಾಲಿನದೂ ನನಗೇ ಬೀಳುತ್ತಿತ್ತು. ಅಕ್ಕನ ನೆನಪಾಗುತ್ತಿತ್ತು, ಆದರೂ ಉಂಡೆ ತಿನ್ನುತ್ತಿದ್ದೆ. ನಾನು ಹೊಟ್ಟೆಬಾಕಿ, ಅದನ್ನೂ ಮಾಸ್ತರರು ಬರೆದುಕೊಳ್ಳಲಿ.

ಅಪ್ಪ ಸತ್ತಾಗ ಹಳೆ ಹಳ್ಳದಂಚಿನ ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಅಕ್ಕ ಬಂದಳು, ಗುಪ್ಪೆಯ ಆಚೆ ನಿಂತಳು. ನಾನು ಹೋಗಿ ಕೈ ಜಗ್ಗಿದೆ, ಬೈದೆ, ಅತ್ತೆ. ಬರಲಿಲ್ಲ. ಎಲ್ಲರೂ ಹೋಗುವವರೆಗೆ ಸೆರಗು ಹೊದ್ದು ನಿಂತೇ ಇದ್ದಳು. ಅತ್ತಳೋ ಇಲ್ಲವೋ ಗೊತ್ತಾಗಲಿಲ್ಲ, ಗಾಳಿ ಆ ಕಡೆಗಿತ್ತು. ಎಂಥ ಕಲ್ಲು ಹೆಂಗಸು ಎಂದು ಅವತ್ತು ಊರು ಆಡಿಕೊಂಡಿತು. ನಾನೂ ಬಹಳ ವರ್ಷ ಹಾಗೆಯೇ ಅಂದುಕೊಂಡೆ.

ಮಣ್ಣು ನೆನೆಯಿತೇ ಎಂದು ಸೊಸೆ ಹೊರಗೆ ಬಂದಳು. ನನ್ನ ಮಗ, ಈಗಿನ ಗೌಡ, ಕಟ್ಟೆಯ ಮೇಲೆ ಯಾರೊಡನೆಯೋ ಮಾತಾಡುತ್ತಿದ್ದ. ಮೊಮ್ಮಗಳನ್ನು ಕೊಟ್ಟಿರುವುದೂ ಆಚೆಯೂರಿಗೇ, ಅಕ್ಕನ ಓಣಿಗೇ. ಕರೆತರುವುದು ಇವತ್ತು, ನಾಳೆ ಎಂದು ಮಗ ಮುಂದೆ ಹಾಕುತ್ತಲೇ ಬಂದಿದ್ದ. ನಾನು ಎದ್ದು ಹೋಗಿ, "ಬಂಡಿ ಹೂಡಸು, ಈಗಿಂದೀಗ" ಎಂದೆ.

"ನಾಳಿ ಮಾಮಲೇದಾರ ಸಾಹೇಬ್ರು ಬರ್ತಾರವ್ವಾ. ಸವಡಿಗೆ ಹೋಗೂ ರಸ್ತೆದ ಮಾತೈತಿ. ಅದೊಂದು ಮುಗೀಲಿ."

"ನಿನ್ನ ರಸ್ತೆ ಎಲ್ಲಿಗೂ ಓಡಿ ಹೋಗೂದಿಲ್ಲ. ನೀ ಕುಂದರು ಇಲ್ಲೇ, ನಾ ಹೋಗ್ತೀನಿ."

ಅವನು ನನ್ನ ಮುಖ ನೋಡಿ ಆಳನ್ನು ಕೂಗಿದ. ಹುಲ್ಲು ಹಾಸಿಸಿದೆ, ಕೌದಿ ಹಾಸಿಸಿದೆ. ಮುದಿ ಸೊಂಟಕ್ಕೆ ಬಂಡಿಯ ಕುಲುಕಾಟ ಏನೆಂದು ಆ ದಾರಿಯಲ್ಲಿ ತಿಳಿಯಿತು, ಅದು ಬೇರೆ ಮಾತು. ಅಕ್ಕ ಮೊಮ್ಮಗಳ ಗಂಡನ ಮನೆಯ ಕಟ್ಟೆಯ ಮೇಲೆಯೇ ಇದ್ದಳು, ಬಸುರಿಯ ತಲೆ ಬಾಚುತ್ತಿದ್ದಳು. ನನ್ನನ್ನು ಕಂಡು, "ಲಗೂನ ಬಂದಿ, ಚಲೋ ಆತು" ಎಂದಳು. ಮೊಮ್ಮಗಳನ್ನು ಬಂಡಿ ಹತ್ತಿಸಿ ನಾವಿಬ್ಬರು ಹಿಂದೆ ನಡೆದೆವು. ಹೊಸ ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟು. ಅಕ್ಕ ನನ್ನ ಕೈ ಹಿಡಿದು ದಾಟಿಸಿದಳು, ನನಗಿಂತ ಹಿರಿಯಳು, ನನಗಿಂತ ಗಟ್ಟಿ. ಪಟ್ಟಿಯ ಹುಲ್ಲಿನಲ್ಲಿ ನಡೆದೆವು. ಹಳೆ ಹಳ್ಳ ಬಂತು. ಎಷ್ಟೋ ಮಳೆಗಾಲ ಹೋಗಿವೆ, ದನ ತುಳಿದಿವೆ, ಹುಡುಗರು ಕಲ್ಲು ಎಸೆದಾಡಿದ್ದಾರೆ, ಆದರೂ ಅಪ್ಪನ ಗುಪ್ಪೆಗಳು ಅಲ್ಲಲ್ಲಿ ಎದ್ದು ಕಾಣುತ್ತವೆ. ಅಷ್ಟು ವರ್ಷ ಹೇಗೆ ಉಳಿದವೋ ಎಂದು ನಾನು ಯಾವಾಗಲೂ ಸೋಜಿಗಪಡುತ್ತಿದ್ದೆ. ಬಂಡಿ ಅವುಗಳ ನಡುವೆ ದಾಟಿ ನಿಂತಿತು, ನಾನೂ ದಾಟಿದೆ. ಅಕ್ಕ ಈಚೆ ಬರಲಿಲ್ಲ.

ಅಲ್ಲಿ ನಾನು ಅವಳಿಗೆ ಹೇಳಿದೆ. ಅಪ್ಪ ಯಾರಿಗೂ ಹೇಳಬೇಡ ಎಂದಿದ್ದ ಮಾತು, ಅವನು ಸತ್ತ ಮೇಲೂ ಅದಕ್ಕೊಂದು ಬೆಲೆ ಎಂದು ಇಷ್ಟು ದಿನ ಇಟ್ಟುಕೊಂಡಿದ್ದೆ. ನೀನು ಹಡೆಯುತ್ತಿದ್ದ ಮಧ್ಯಾಹ್ನ ಅಪ್ಪ ಇಲ್ಲೇ ನಿಂತಿದ್ದ ಎಂದೆ.

"ಇಲ್ಲೇ?"

"ಇಲ್ಲೇ. ಚಪ್ಪಲಿ ಕಳದಿದ್ದ. ಒಂದು ಕಾಲು ಎತ್ತಿ ಆಚಿಗೆ ಚಾಚಿದ್ದ. ನಾ ಕಣ್ಣಾರೆ ನೋಡೀನಿ."

ಅಕ್ಕ ಕಲ್ಲುಗಳನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂದದ್ದನ್ನು ನಾನು ಜೀವಮಾನದಲ್ಲಿ ಮೊದಲ ಸಲ ನೋಡಿದೆ. ಇನ್ನು ಬರುತ್ತಾಳೆ ಎಂದುಕೊಂಡು ನಾನು ಕೈ ಮುಂದೆ ಮಾಡಿದೆ.

"ದಾಟಲಿಲ್ಲಲ್ಲ" ಎಂದಳು.

ಆಮೇಲೆ ಕಣ್ಣೊರೆಸಿಕೊಂಡು ಬಂಡಿಯವನಿಗೆ, "ಸಾವಕಾಶ ಹೊಡಿಯೋ ತಮ್ಮಾ, ಬಸರಿ ಹೆಣಮಗಳು ಅದಾಳ" ಎಂದಳು. ನಾನು ಬಂಡಿ ಹತ್ತಿ ಮೊಮ್ಮಗಳ ಪಕ್ಕ ಕೂತೆ, ಅವಳ ಕೈ ಹಿಡಿದುಕೊಂಡೆ. ಹೊಲ ದಾಟಿ ಏರಿನ ಮೇಲೆ ಬಂದಾಗ ತಿರುಗಿ ನೋಡಿದೆ. ಅಕ್ಕ ಇನ್ನೂ ಅಲ್ಲೇ ಇದ್ದಳು. ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು ಬಗ್ಗಿ, ಬಂಡಿಯ ಗಾಲಿ ಉರುಳಿಸಿದ್ದ ಕಲ್ಲನ್ನು ಎತ್ತಿ ಅಪ್ಪನ ಗುಪ್ಪೆಯ ಮೇಲೆ ಇಡುತ್ತಿದ್ದಳು.